ಕಿರ್ದಿ ನೀವು ಬರೆಯಿರಿ, ಖಾತೆ ಅದು ಹಾಕಲಿ

ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಬಗ್ಗೆ ಬಂದ ಒಂದೇ ಪತ್ರ ಈ ಸಲ ಪುಟದ ಬಹುಪಾಲು ತಿಂದಿದೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಅದನ್ನು ಓದುವಾಗ 2001ರ ನಾನೇ ಎದುರಿಗೆ ಬಂದು ಕೂತ ಹಾಗಾಯಿತು.

ಪ್ರಶ್ನೆ: ಮೇಡಂ, ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದು ಮಂಡಕ್ಕಿ ಸಗಟು ವ್ಯಾಪಾರ. ಭಟ್ಟಿಯಿಂದ ಚೀಲ ಎತ್ತಿ 38 ಅಂಗಡಿಗಳಿಗೆ ಹಾಕುತ್ತೇವೆ. ಮುಕ್ಕಾಲು ಪಾಲು ಉದ್ರಿ. ಮದುವೆಯಾಗಿ ಬಂದಾಗಿನಿಂದ ಲೆಕ್ಕ ಬರೆಯುವುದು ನಾನೇ. ಮಗ ಬೆಂಗಳೂರಿಗೆ ಕೆಲಸಕ್ಕೆ ಹೋಗುವಾಗ ಹಳೇ ಲ್ಯಾಪ್‌ಟಾಪ್ ಬಿಟ್ಟು ಹೋದ, ‘ಅಮ್ಮಾ, ಎಕ್ಸೆಲ್ ಕಲಿ’ ಅಂತ. ನನಗೆ 46 ವರ್ಷ, ಓದಿದ್ದು ಎಸ್ಸೆಸ್ಸೆಲ್ಸಿ. ಇಂಗ್ಲಿಷ್ ಕೂಡಿಸಿಕೊಂಡು ಓದುತ್ತೇನೆ. ಸೆಂಟರಿನಲ್ಲಿ ಮೂರು ತಿಂಗಳ ಕೋರ್ಸಿಗೆ 6,500 ರೂಪಾಯಿ ಹೇಳಿದರು. ಹೋಗಿ ನೋಡಿದರೆ ಅಲ್ಲಿ ಎಲ್ಲರೂ ನನ್ನ ಮಗಳ ವಯಸ್ಸಿನವರು. ಸೇರಲೋ ಬೇಡವೋ?

ಉತ್ತರ: ಬೇಡ ಅಕ್ಕಾ. ಈಗಲೇ ಬೇಡ. ಎರಡು ತಿಂಗಳು ಬಿಟ್ಟು ಬೇಕೆನಿಸಿದರೆ ಹೋಗಿ. ಅಲ್ಲಿಯವರೆಗೆ ನಿಮ್ಮ ಉದ್ರಿ ಪುಸ್ತಕವೇ ಮೇಷ್ಟ್ರು.

ನಾನೂ ಹೀಗೇ ದುಡ್ಡು ಕಟ್ಟಿ ಬಂದವಳು. ಆಗ ಒಂದು ಬಟ್ಟೆ ಅಂಗಡಿಯಲ್ಲಿ ಟೈಪಿಸ್ಟ್ ಆಗಿದ್ದೆ. ಸಾಹುಕಾರರು ಕಂಪ್ಯೂಟರ್ ತಂದರು. ಅದಕ್ಕೊಂದು ಕಸೂತಿ ಹಾಕಿದ ಬಟ್ಟೆ ಹೊದಿಸಿದರು. ಆಯುಧಪೂಜೆ ದಿನ ಕೀಬೋರ್ಡಿಗೆ ಎಷ್ಟು ಕುಂಕುಮ ಹಾಕಿದರೆಂದರೆ ‘ಎ’ ಕೀಲಿ ಒತ್ತಿದರೆ ಮೇಲೇಳಲೇ ಇಲ್ಲ. ಅದನ್ನು ಬಳಸುವುದು ಹೇಗೆ ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನನ್ನನ್ನು ಒಂದು ಸೆಂಟರಿಗೆ ಕಳಿಸಿದರು. ಮೊದಲ ಹದಿನೈದು ದಿನ ಕಂಪ್ಯೂಟರಿನ ಮೊದಲ ತಲೆಮಾರು, ಎರಡನೇ ತಲೆಮಾರು ಅಂತ ನೋಟ್ಸ್ ಬರೆಸಿದರು. ಆಮೇಲೆ ಪೇಂಟಿನಲ್ಲಿ ಮನೆ, ಮನೆ ಪಕ್ಕ ತೆಂಗಿನಮರ. ಸರ್ಟಿಫಿಕೇಟ್ ಸಿಕ್ಕಿತು. ಒಂದು ಬಿಲ್ ಮಾಡಲು ಬರಲಿಲ್ಲ.

ಕಲಿಸಿದ್ದು ನಮ್ಮ ಅಂಗಡಿಯ ಗುಮಾಸ್ತರು. ಅರವತ್ತು ದಾಟಿದ್ದರು, ಮೌಸ್ ಮುಟ್ಟುತ್ತಿರಲಿಲ್ಲ. ಒಂದು ಸಂಜೆ ಹಿಂದೆ ನಿಂತು ಪರದೆ ನೋಡಿ, ‘ಏನವ್ವಾ, ಇದು ನಮ್ಮ ಕಿರ್ದಿನೇ ಅಲ್ಲೇನು? ಗೆರೆ ಅವರೇ ಹಾಕಿ ಕೊಟ್ಟಾರೆ ನೋಡು’ ಅಂದರು. ನನಗೆ ಎಕ್ಸೆಲ್ ಅರ್ಥವಾದದ್ದು ಆ ಕ್ಷಣ.

ಅವರ ಕೆಲಸ ನೆನಪಿಸಿಕೊಳ್ಳಿ. ಹಗಲೆಲ್ಲ ನಡೆದದ್ದನ್ನು ನಡೆದ ಹಾಗೇ ಕಿರ್ದಿಯಲ್ಲಿ ಬರೆಯುತ್ತಿದ್ದರು. ಸಂಜೆ ಆ ಒಂದೊಂದು ಸಾಲನ್ನೂ ಅವರವರ ಖಾತೆ ಪುಟಕ್ಕೆ ಏರಿಸುತ್ತಿದ್ದರು. ಕಿರ್ದಿಗೆ ಹೊತ್ತು ಹಿಡಿಯುತ್ತಿರಲಿಲ್ಲ. ಹೊತ್ತು ತಿನ್ನುತ್ತಿದ್ದದ್ದು ಖಾತೆಗೆ ಏರಿಸುವುದು, ಕೂಡುವುದು, ಬಾಕಿ ತೆಗೆಯುವುದು. ಕಂಪ್ಯೂಟರ್ ನಿಮ್ಮ ಕೈಯಿಂದ ಕಿತ್ತುಕೊಳ್ಳುವುದು ಈ ಎರಡನೇ ಕೆಲಸವನ್ನು. ಕಿರ್ದಿ ಬರೆಯುವುದು ನಿಮಗೆ ಆಗಲೇ ಬರುತ್ತದೆ, ಅಲ್ವಾ?

ಹಾಗಾಗಿ 38 ಅಂಗಡಿಗೆ 38 ಹಾಳೆ ಮಾಡಬೇಡಿ. ಹೊಸಬರೆಲ್ಲ ಮಾಡುವ ತಪ್ಪು ಇದು, ನಾನೂ ಮಾಡಿದ್ದೆ. ಒಂದೇ ಉದ್ದನೆಯ ಹಾಳೆ ಸಾಕು. ಜಾಗ ಸಾಲದು ಅಂತ ಹೆದರಬೇಡಿ, ಎಕ್ಸೆಲ್‌ನ ಒಂದು ಹಾಳೆಯಲ್ಲಿ 10,48,576 ಸಾಲುಗಳಿವೆ.

ಮೇಲಿನ ಸಾಲಿನಲ್ಲಿ ಆರು ತಲೆಬರಹ: ದಿನಾಂಕ, ಅಂಗಡಿ, ಚೀಲ, ದರ, ಮೊತ್ತ, ಜಮಾ. ಇವು ಎ ಇಂದ ಎಫ್‌ವರೆಗಿನ ಕಾಲಂಗಳು. ಮೊದಲ ದಿನ 38 ಅಂಗಡಿಯ ಹಳೇ ಬಾಕಿ ಏರಿಸಿಬಿಡಿ. ಅಲ್ಲಿ ಚೀಲ, ದರ ಖಾಲಿ ಇರಲಿ, ಬಾಕಿಯನ್ನು ನೇರವಾಗಿ ಮೊತ್ತದ ಕಾಲಂನಲ್ಲಿ ಬರೆಯಿರಿ. ಅಲ್ಲಿಗೆ ಸಾಲು 39 ಮುಗಿಯಿತು. ಇವತ್ತಿನ ವ್ಯಾಪಾರ 40ನೇ ಸಾಲಿಂದ.

ಈಗ ಒಂದು ಅಂಗಡಿಗೆ 12 ಚೀಲ, ದರ 450 ಅಂತಿಟ್ಟುಕೊಳ್ಳಿ. ಸಿ ಕಾಲಂನಲ್ಲಿ 12, ಡಿ ಕಾಲಂನಲ್ಲಿ 450. ಇ ಕಾಲಂನಲ್ಲಿ ಅದೇ ಸಾಲಿನ ಮನೆಗೆ, ಅಂದರೆ ಸೆಲ್ಲಿಗೆ, ಬಂದು = ಗುರುತು ಒತ್ತಿ. 12 ಇರುವ ಮನೆಯ ಮೇಲೆ ಕ್ಲಿಕ್ ಮಾಡಿ. ನಕ್ಷತ್ರದ ಗುರುತು ಒತ್ತಿ, ಅದೇ ಗುಣಾಕಾರ. ಆಮೇಲೆ 450ರ ಮೇಲೆ ಕ್ಲಿಕ್ ಮಾಡಿ ಎಂಟರ್. 5,400 ಬಂತಾ? ಇನ್ನು ಆ ಮನೆಯ ಬಲಗಡೆ ಕೆಳಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಚೌಕ ಇದೆ, ನೋಡಿ. ಮೌಸ್ ಅಲ್ಲಿಗೆ ಒಯ್ದರೆ ದಪ್ಪ ಬಿಳಿ ಕೂಡುವ ಗುರುತು ಸಣ್ಣ ಕಪ್ಪು ಗುರುತಾಗುತ್ತದೆ. ಆಗ ಹಿಡಿದು ಕೆಳಗೆ ಎಳೆಯಿರಿ. ಇಪ್ಪತ್ತು ಸಾಲಿಗೂ ಗುಣಾಕಾರ ಇಳಿಯುತ್ತದೆ. ಇದು ಮೊದಲ ಸಲ ಆದಾಗ ನಾನು ಸಾಹುಕಾರರನ್ನು ಗಲ್ಲಾಪೆಟ್ಟಿಗೆಯಿಂದ ಎಬ್ಬಿಸಿ ಕರೆದುಕೊಂಡು ಬಂದು ತೋರಿಸಿದ್ದೆ.

ಅಂಗಡಿಯವರು ದುಡ್ಡು ಕೊಟ್ಟರೆ ಅದಕ್ಕೆ ಬೇರೆ ಸಾಲು. ದಿನಾಂಕ, ಅಂಗಡಿ ಹೆಸರು, ಜಮಾ. ಅಷ್ಟೇ.

ಇನ್ನು ಎರಡು ಅಭ್ಯಾಸಗಳನ್ನು ಬಿಡಬೇಕು. ಕಾಗದದ ಮೇಲೆ ಇವು ಒಳ್ಳೆಯ ಅಭ್ಯಾಸಗಳು, ಇಲ್ಲಿ ಮಾತ್ರ ಕೆಟ್ಟವು.

ಒಂದು, ‘450/-’ ಅಂತ ಬರೆಯುವುದು. ‘12 ಚೀಲ’ ಅಂತ ಬರೆಯುವುದೂ ಅದೇ ಜಾತಿ. ಕಂಪ್ಯೂಟರಿಗೆ ಅದು ಅಂಕಿಯಲ್ಲ, ಮಾತು. ಗುಣಿಸಲು ಹೋದರೆ ‘ವ್ಯಾಲ್ಯೂ’ ಅಂತ ಕೂಗಿ ತಪ್ಪು ತೋರಿಸುತ್ತದೆ, ಅದು ಒಳ್ಳೆಯದೇ. ಆದರೆ ‘ಸಮ್’ ಹಾಕಿ ಕೂಡಲು ಹೇಳಿದರೆ ಆ ಸಾಲನ್ನು ಸುಮ್ನೆ ಬಿಟ್ಟು ಉಳಿದದ್ದನ್ನು ಕೂಡಿ ಕೊಡುತ್ತದೆ. ಒಂದು ಮಾತೂ ಆಡುವುದಿಲ್ಲ. ದೀಪಾವಳಿ ಅಮಾವಾಸ್ಯೆಗೆ ಎರಡು ದಿನ ಇದೆ ಅನ್ನುವಾಗ ನಮ್ಮ ಲೆಕ್ಕ 8,400 ರೂಪಾಯಿ ಕಮ್ಮಿ ಬಂತು. ಲಕ್ಷ್ಮಿ ಪೂಜೆಗೆ ಹೊಸ ಪುಸ್ತಕ ಇಡಬೇಕು, ಹಳೇದು ಮುಗಿದಿಲ್ಲ. ಕೌಂಟರಿನಲ್ಲಿದ್ದ ಹುಡುಗನ ಮೇಲೆ ಎಲ್ಲರ ಕಣ್ಣು ಹೋಯಿತು. ಪಾಪ, ಅವನು ಊಟ ಬಿಟ್ಟು ಕೂತ. ಗುಮಾಸ್ತರು ಪ್ರಿಂಟ್ ತೆಗೆಸಿ ಬಾಯಲ್ಲೇ ಕೂಡುತ್ತಾ ಬಂದರು. ಒಂದು ಸಾಲಿನ ಹತ್ತಿರ ಪೆನ್ಸಿಲ್ ನಿಂತಿತು. ‘8,400/-’ ಅಂತ ನಾನೇ ಹೊಡೆದಿದ್ದೆ. ಆ ಹುಡುಗ ಈಗ ಸ್ವಂತ ಅಂಗಡಿ ಇಟ್ಟಿದ್ದಾನೆ. ಸಿಕ್ಕಾಗೆಲ್ಲ ‘ಅಕ್ಕಾ, ಗೆರೆ ಹಾಕ್ತಿಲ್ಲ ತಾನೆ?’ ಅಂತ ಕೇಳುತ್ತಾನೆ.

ಕಂಡುಹಿಡಿಯುವುದು ಸುಲಭ. ಅಂಕಿ ಮನೆಯ ಬಲಗೋಡೆಗೆ ಒರಗಿ ಕೂರುತ್ತದೆ, ಮಾತು ಎಡಗೋಡೆಗೆ. ಕಾಲಂ ಮೇಲಿಂದ ಕೆಳಗೆ ಒಮ್ಮೆ ಕಣ್ಣಾಡಿಸಿ. ಎಡಕ್ಕೆ ಸರಿದ ಅಂಕಿ ಕಂಡರೆ ಅದೇ ಕಳ್ಳ.

ಎರಡು, ಅಂಗಡಿ ಹೆಸರನ್ನು ಮನಸ್ಸಿಗೆ ಬಂದ ಹಾಗೆ ಬರೆಯುವುದು. ನಿಮ್ಮ ಪುಸ್ತಕದಲ್ಲಿ ಇವತ್ತು ‘ಪಿ.ಬಿ. ರೋಡ್ ಅಜ್ಜ’, ನಾಳೆ ‘ಪಿಬಿ ರಸ್ತೆ ಅಜ್ಜ’, ಅವಸರದಲ್ಲಿದ್ದರೆ ಬರೀ ‘ಅಜ್ಜ’ ಅಂತ ಇರುತ್ತದೆ. ನಿಮಗೆ ಮೂವರೂ ಒಬ್ಬನೇ. ಕಂಪ್ಯೂಟರಿಗೆ ಮೂವರು ಅಜ್ಜಂದಿರು. ಎರಡು ಪದದ ನಡುವೆ ಒಂದು ಖಾಲಿ ಜಾಗ ಹೆಚ್ಚಾದರೂ ಬೇರೆ ಮನುಷ್ಯ. ಅದಕ್ಕೆ ಎರಡನೇ ಹಾಳೆಯಲ್ಲಿ 38 ಹೆಸರು ಒಂದು ಸಲ ಸರಿಯಾಗಿ ಬರೆದಿಡಿ. ಡೇಟಾ ಮೆನುವಿನಲ್ಲಿ ‘ಡೇಟಾ ವ್ಯಾಲಿಡೇಷನ್’ ಅಂತ ಇದೆ. ಅದರಲ್ಲಿ ‘ಲಿಸ್ಟ್’ ಆರಿಸಿ ಆ ಪಟ್ಟಿಯನ್ನು ತೋರಿಸಿದರೆ, ಅಂಗಡಿ ಕಾಲಂನಲ್ಲಿ ಹೆಸರು ಟೈಪ್ ಮಾಡುವ ಕೆಲಸವೇ ಇಲ್ಲ, ಆರಿಸುವುದು ಅಷ್ಟೇ. ಮಗ ಫೋನ್ ಮಾಡಿದಾಗ ಇದೊಂದನ್ನು ಅವನ ಕೈಯಲ್ಲಿ ಮಾಡಿಸಿಕೊಳ್ಳಿ.

ಹದಿನೈದು ದಿನ ಹೀಗೆ ಬರೆದ ಮೇಲೆ ಖಾತೆ ಹಾಕಿಸೋಣ. ಹಾಳೆಯ ಒಳಗೆ ಎಲ್ಲಾದರೂ ಕ್ಲಿಕ್ ಮಾಡಿ, ‘ಇನ್ಸರ್ಟ್’ ಮೆನುವಿನಲ್ಲಿ ‘ಪಿವಟ್ ಟೇಬಲ್’ ಒತ್ತಿ. ಹೆಸರು ಕೇಳಿ ಹೆದರಬೇಡಿ. ಬಲಗಡೆ ನಿಮ್ಮ ಆರು ತಲೆಬರಹ ಕಾಣುತ್ತವೆ. ‘ಅಂಗಡಿ’ ಹಿಡಿದು ‘ರೋಸ್’ (Rows) ಅನ್ನುವ ಪೆಟ್ಟಿಗೆಗೆ ಹಾಕಿ. ‘ಮೊತ್ತ’, ‘ಜಮಾ’ ಎರಡನ್ನೂ ‘ವ್ಯಾಲ್ಯೂಸ್’ ಪೆಟ್ಟಿಗೆಗೆ ಹಾಕಿ. 38 ಅಂಗಡಿಯೂ ಸಾಲಾಗಿ ನಿಂತು, ಯಾರಿಗೆ ಎಷ್ಟು ಮಾಲು ಹೋಯಿತು, ಎಷ್ಟು ದುಡ್ಡು ಬಂತು ಅಂತ ಒಪ್ಪಿಸುತ್ತವೆ. ಒಂದರಲ್ಲಿ ಇನ್ನೊಂದು ಕಳೆದರೆ ಬಾಕಿ. ಮೊತ್ತದ ಜಾಗದಲ್ಲಿ 7, 9 ಅಂತ ಸಣ್ಣ ಸಣ್ಣ ಅಂಕಿ ಬಂದರೆ ಅದು ಕೂಡಿಲ್ಲ, ಸಾಲುಗಳನ್ನು ಎಣಿಸಿದೆ ಅಂತ ಅರ್ಥ. ಎಲ್ಲೋ ‘/-’ ಸೇರಿರಬಹುದು, ಹುಡುಕಿ. ಸಿಗದಿದ್ದರೆ ಖಾಲಿ ಮನೆಗಳಿಂದ ಹಾಗಾಗಿರಬಹುದು, ಆ ಅಂಕಿಯ ಮೇಲೆ ಬಲ ಕ್ಲಿಕ್ ಮಾಡಿ ‘ಸಮ್ಮರೈಸ್ ವ್ಯಾಲ್ಯೂಸ್ ಬೈ’ನಲ್ಲಿ ‘ಸಮ್’ ಆರಿಸಿ. ಇನ್ನೊಂದು: ಕಿರ್ದಿಗೆ ಹೊಸ ಸಾಲು ಸೇರಿಸಿದರೆ ಈ ಖಾತೆ ತಾನಾಗಿ ಬದಲಾಗುವುದಿಲ್ಲ. ಪಿವಟ್ ಮಾಡುವ ಮೊದಲೇ ಕಿರ್ದಿಯ ಒಳಗೆ ನಿಂತು ಕಂಟ್ರೋಲ್ ಜೊತೆ ‘ಟಿ’ ಒತ್ತಿ ಅದನ್ನು ಟೇಬಲ್ ಮಾಡಿಟ್ಟುಕೊಳ್ಳಿ, ಆಗ ಹೊಸ ಸಾಲುಗಳೂ ಲೆಕ್ಕಕ್ಕೆ ಸೇರುತ್ತವೆ. ಪ್ರತಿ ಸಲ ಪಿವಟ್ ಮೇಲೆ ಬಲ ಕ್ಲಿಕ್ ಮಾಡಿ ‘ರಿಫ್ರೆಶ್’ ಒತ್ತಲೇಬೇಕು. ಅದನ್ನು ಒತ್ತದೆ ಹಳೇ ಬಾಕಿ ಹೇಳಿ ಗಿರಾಕಿ ಹತ್ತಿರ ಜಗಳ ಆಡಿದವರನ್ನು ನಾನು ಕಂಡಿದ್ದೇನೆ.

ಕೈ ಪಳಗಿಸುವ ವಿಷಯ. ನಿಮಗೆ ಎಲ್ಲ ಕೀಲಿಯೂ ಬೇಕಿಲ್ಲ. ಬಲಗಡೆಯ ಅಂಕಿ ಪ್ಯಾಡ್ ಕಲಿಯಿರಿ. 5ರ ಮೇಲೆ ಸಣ್ಣ ಉಬ್ಬು ಇದೆ, ನಡುಬೆರಳು ಅಲ್ಲಿ. ತೋರುಬೆರಳು 4, ಉಂಗುರ ಬೆರಳು 6. ಎಡಗೈ ಬೆರಳು ಪುಸ್ತಕದ ಸಾಲಿನ ಮೇಲೆ, ಕಣ್ಣು ಅದರ ಮೇಲೆ, ಬಲಗೈ ಪ್ಯಾಡಿನ ಮೇಲೆ. ದಿನಾ ಇಪ್ಪತ್ತು ನಿಮಿಷ ಹಳೇ ಉದ್ರಿ ಹೊಡೆಯಿರಿ, ಹತ್ತು ದಿನಕ್ಕೆ ಕೈ ನೋಡುವುದು ಬಿಟ್ಟುಹೋಗುತ್ತದೆ. ಅಂಕಿ ಬೀಳದಿದ್ದರೆ ‘ನಮ್ ಲಾಕ್’ ಒತ್ತಿ. ಮಗನ ಲ್ಯಾಪ್‌ಟಾಪಿನಲ್ಲಿ ಈ ಪ್ಯಾಡ್ ಇಲ್ಲದಿದ್ದರೆ ಬೇರೆಯಾಗಿಯೇ ಸಿಗುತ್ತದೆ, ಕೆಲವು ನೂರು ರೂಪಾಯಿ. 6,500ರಲ್ಲಿ ಅದನ್ನು ಮೊದಲು ತನ್ನಿ.

ದಿನಾಂಕದ್ದು ಒಂದು ಕಿರಿಕಿರಿ ಇದೆ. ನೀವು 5-11 ಅಂತ ನವೆಂಬರ್ ಐದಕ್ಕೆ ಹೊಡೆದರೆ, ಲ್ಯಾಪ್‌ಟಾಪ್ ಅಮೆರಿಕದ ಪದ್ಧತಿಯಲ್ಲಿದ್ದರೆ ಮೇ ಹನ್ನೊಂದು ಅಂದುಕೊಳ್ಳುತ್ತದೆ. ಗುರುತಿಸುವುದು ಹೇಗೆ? ನಿಮ್ಮ 1,25,000 ಅಲ್ಲಿ 125,000 ಅಂತ ಕಂಡರೆ ಅದೇ ಸುಳಿವು. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ‘ರೀಜನ್’ ತೆರೆದು ‘ಇಂಗ್ಲಿಷ್ (ಇಂಡಿಯಾ)’ ಮಾಡಿ. ಲಕ್ಷದ ಕಾಮಾವೂ ಸರಿಯಾಗುತ್ತದೆ. ಇವತ್ತಿನ ದಿನಾಂಕಕ್ಕಂತೂ ಕಂಟ್ರೋಲ್ ಹಿಡಿದು ಸೆಮಿಕೋಲನ್ ಒತ್ತಿದರೆ ಸಾಕು.

ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟ್ ಆಫೀಸ್ ಇಲ್ಲದಿದ್ದರೆ ಯಾರೋ ಮುನ್ನೂರು ರೂಪಾಯಿಗೆ ಹಾಕಿಕೊಡುವ ‘ಕ್ರ್ಯಾಕ್’ ಬೇಡ. ಅದರ ಜೊತೆ ಏನೇನು ಒಳಗೆ ಬರುತ್ತದೋ ದೇವರಿಗೇ ಗೊತ್ತು, ಅದೇ ಲ್ಯಾಪ್‌ಟಾಪಿನಲ್ಲಿ ನೀವು ನಾಳೆ ಬ್ಯಾಂಕ್ ತೆರೆಯುತ್ತೀರಿ. ಲಿಬ್ರೆ ಆಫೀಸ್ ಪುಕ್ಕಟೆ ಸಿಗುತ್ತದೆ, ಕಾನೂನು ಪ್ರಕಾರವೇ ಪುಕ್ಕಟೆ. ಅದರ ‘ಕ್ಯಾಲ್ಕ್’ನಲ್ಲೂ ಮೇಲೆ ಹೇಳಿದ ಹೆಚ್ಚಿನದೆಲ್ಲ ಆಗುತ್ತದೆ, ಮೆನುಗಳ ಜಾಗ ಸ್ವಲ್ಪ ಬೇರೆ. ಕನ್ನಡ ಮೆನುವೂ ಹಾಕಿಕೊಳ್ಳಬಹುದು. ಆದರೆ ಕನ್ನಡದ ಮೇಲೆ ಎಷ್ಟು ಪ್ರೀತಿ ಇದ್ದರೂ ನಾನು ಇಂಗ್ಲಿಷ್ ಮೆನುವನ್ನೇ ಇಟ್ಟುಕೊಳ್ಳಿ ಅನ್ನುತ್ತೇನೆ. ಫೋನಿನಲ್ಲಿ ಮಗ ‘ಇನ್ಸರ್ಟ್ ಒತ್ತಮ್ಮಾ’ ಅಂದಾಗ ನಿಮ್ಮ ಮುಂದೆ ‘ಸೇರಿಸು’ ಅಂತಿದ್ದರೆ ಇಬ್ಬರಿಗೂ ತಲೆ ಕೆಡುತ್ತದೆ. ಅಂಗಡಿ ಹೆಸರು, ತಲೆಬರಹ ಕನ್ನಡದಲ್ಲೇ ಇರಲಿ.

ರಾತ್ರಿ ಗಲ್ಲಾ ಎಣಿಸುತ್ತೀರಲ್ಲ, ಹಾಗೇ ಫೈಲನ್ನೂ ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕಿ. ಗೂಗಲ್ ಖಾತೆ ಇದ್ದರೆ 15 ಜಿಬಿ ಜಾಗ ಪುಕ್ಕಟೆ ಇದೆ, ನಿಮ್ಮ ಲೆಕ್ಕಕ್ಕೆ ಅದು ಸಮುದ್ರ. ಪುಸ್ತಕ ಮಾತ್ರ ಮೂರು ತಿಂಗಳು ಬಿಡಬೇಡಿ. ಎರಡರ ಬಾಕಿಯೂ ತಿಂಗಳ ಕೊನೆಗೆ ಒಂದೇ ಬರಬೇಕು. ಬರದಿದ್ದರೆ ಎರಡರಲ್ಲಿ ಯಾವುದು ತಪ್ಪು ಅಂತ ಹುಡುಕುತ್ತೀರಲ್ಲ, ಜಾಸ್ತಿ ಕಲಿಯುವುದು ಆವಾಗಲೇ.

ಇಷ್ಟಾದ ಮೇಲೂ ಸೆಂಟರಿಗೆ ಹೋಗುವ ಮನಸ್ಸಿದ್ದರೆ ಒಂದೇ ಪ್ರಶ್ನೆ ಕೇಳಿ: ‘ನನ್ನ ಉದ್ರಿ ಪುಸ್ತಕ ತಂದರೆ ಅದರ ಮೇಲೇ ಕಲಿಸುತ್ತೀರಾ?’ ಹೌದು ಅಂದರೆ ದುಡ್ಡು ಕಟ್ಟಿ. ಸಿಲಬಸ್ ಪ್ರಕಾರ ಅಂದರೆ ಎದ್ದು ಬನ್ನಿ. ಸರ್ಟಿಫಿಕೇಟ್ ತೋರಿಸಿ ನೀವು ಯಾರ ಹತ್ತಿರ ಕೆಲಸ ಕೇಳಬೇಕಾಗಿದೆ ಹೇಳಿ?

ಪ್ರಶ್ನೆ: ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ಬಿ.ಕಾಂ. ಆಗಿದೆ, ಟ್ಯಾಲಿ ಕೋರ್ಸ್ ಮಾಡಿದ್ದೇನೆ. ಒಬ್ಬ ಆಡಿಟರ್ ಆಫೀಸಿನಲ್ಲಿ ಇಂಟರ್‌ವ್ಯೂಗೆ ಹೋದಾಗ ಎರಡು ಎಕ್ಸೆಲ್ ಫೈಲ್ ಕೊಟ್ಟು ‘ತಾಳೆ ನೋಡು’ ಅಂದರು. ಕೈ ಓಡಲಿಲ್ಲ. ಟ್ಯಾಲಿ ಸಾಲದೇ?

ಉತ್ತರ: ಸಾಲದು ತಮ್ಮಾ. ಟ್ಯಾಲಿ ಒಳ್ಳೆಯದೇ. ನಮ್ಮ ಬೆಂಗಳೂರಿನಲ್ಲೇ 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಕಟ್ಟಿದ ಕಂಪನಿ. ತಂದೆಯ ವ್ಯಾಪಾರಕ್ಕೆ ಹೊಂದುವ ಲೆಕ್ಕದ ಸಾಫ್ಟ್‌ವೇರ್ ಸಿಗಲಿಲ್ಲ ಅಂತ ಮಗ ಕೂತು ಬರೆದದ್ದು. ಕಿರ್ದಿ, ಖಾತೆ, ಶಿಲ್ಕು ಎಲ್ಲ ಅದು ನೋಡಿಕೊಳ್ಳುತ್ತದೆ. ಆದರೆ ಹೊರಗಿಂದ ಬಂದ ಲೆಕ್ಕವನ್ನು ನಿಮ್ಮ ಲೆಕ್ಕದ ಪಕ್ಕ ಇಟ್ಟು ನೋಡುವ ಕೆಲಸ ಬಹಳಷ್ಟು ಆಫೀಸುಗಳಲ್ಲಿ ಎಕ್ಸೆಲ್‌ನಲ್ಲೇ ನಡೆಯುತ್ತದೆ.

ನಿಮಗೆ ಕೊಟ್ಟದ್ದು ಏನಿರಬಹುದು ಅಂತ ನನಗೆ ಊಹೆಯಿದೆ. ಪ್ರತಿ ತಿಂಗಳು 14ರ ಹೊತ್ತಿಗೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ಬರುತ್ತದೆ. ಮಾಲು ಕೊಟ್ಟವರು ನಮ್ಮ ಹೆಸರಿಗೆ ತೋರಿಸಿದ ಬಿಲ್ಲುಗಳ ಪಟ್ಟಿ ಅದು. ನಮ್ಮ ಖರೀದಿ ಪುಸ್ತಕದಲ್ಲಿರುವ ಬಿಲ್ ಅದರಲ್ಲಿಲ್ಲದಿದ್ದರೆ ಆ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವಂತಿಲ್ಲ. ಸಾಲು ಸಾಲು ನೋಡುತ್ತಾ ಕೂತರೆ ಸಂಜೆಯಾಗುತ್ತದೆ.

ಎರಡೂ ಫೈಲಿನಲ್ಲಿ ಒಂದು ಹೊಸ ಕಾಲಂ ಮಾಡಿ. ಅದರಲ್ಲಿ ಜಿಎಸ್‌ಟಿ ನಂಬರನ್ನೂ ಬಿಲ್ ನಂಬರನ್ನೂ & ಗುರುತಿನಿಂದ ಒಂದಕ್ಕೊಂದು ಅಂಟಿಸಿ. ಬರೀ ಬಿಲ್ ನಂಬರ್ ಸಾಲದು, 7ನೇ ನಂಬರಿನ ಬಿಲ್ ಎಲ್ಲರ ಹತ್ತಿರವೂ ಇರುತ್ತದೆ. ಆಮೇಲೆ ‘ಕೌಂಟ್‌ಇಫ್’ ಹಾಕಿ, ಈ ಜೋಡಿ ಆ ಫೈಲಿನಲ್ಲಿ ಎಷ್ಟು ಸಲ ಇದೆ ಅಂತ ಕೇಳಿ. 0 ಬಂದ ಸಾಲುಗಳನ್ನಷ್ಟೇ ಫಿಲ್ಟರ್ ಮಾಡಿ ಮುಂದಿಟ್ಟುಕೊಳ್ಳಿ. ಅದರಲ್ಲೂ ಅರ್ಧ ಸುಳ್ಳು ತಪ್ಪುಗಳು. ಅವರು ‘007’ ಅಂತ ಹಾಕಿರುತ್ತಾರೆ, ನಿಮ್ಮ ಗುಮಾಸ್ತ ‘7’ ಅಂತ. ಜಿಎಸ್‌ಟಿ ನಂಬರ್ 15 ಅಕ್ಷರದ್ದು, ಮೊದಲೆರಡು ರಾಜ್ಯದ ಗುರುತು, ಕರ್ನಾಟಕಕ್ಕೆ 29. ನಡುವಿನ ಹತ್ತು ಪ್ಯಾನ್ ನಂಬರ್. ಇಷ್ಟು ತಿಳಿದಿದ್ದರೆ ಹೊಡೆಯುವಾಗ ಆದ ತಪ್ಪು ಕಣ್ಣಿಗೇ ಬೀಳುತ್ತದೆ.

ಇದರ ಜೊತೆ ‘ವಿಲುಕಪ್’ (ಒಂದು ಪಟ್ಟಿಯಲ್ಲಿರುವುದನ್ನು ಇನ್ನೊಂದರಲ್ಲಿ ಹುಡುಕಿ ತರುವ ಸೂತ್ರ) ಮತ್ತು ಪಿವಟ್ ಕಲಿತುಕೊಂಡು ಇನ್ನೊಂದು ಆಫೀಸಿನ ಬಾಗಿಲು ತಟ್ಟಿ. ಮತ್ತೆ ಫೀಸು ಕಟ್ಟುವ ಮೊದಲು ನಿಮ್ಮೂರಿನ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಒಮ್ಮೆ ವಿಚಾರಿಸಿ. ಅಲ್ಲಿ ತರಬೇತಿ ಪುಕ್ಕಟೆ. ಸದ್ಯ ಯಾವ ಬ್ಯಾಚ್ ಇದೆ, ವಯಸ್ಸಿನ ನಿಯಮ ಏನು ಅಂತ ಕೇಳಿಕೊಂಡು ಹೋಗಿ.

ಪ್ರಶ್ನೆ: ಹೊಳಲ್ಕೆರೆ ಕಡೆಯ ಒಂದು ಸೊಸೈಟಿಯ ಕಾರ್ಯದರ್ಶಿ ನಾನು. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಸಭೆಯ ನೋಟಿಸು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಂಬು ಎಲ್ಲ ಕಲಸಿ ಕಾಣುತ್ತದೆ. ವೈರಸ್ಸೇ?

ಉತ್ತರ: ವೈರಸ್ ಅಲ್ಲ ಸರ್. ಹಳೇ ನುಡಿ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿ ಒಳಗಿನದು ಕಾಣುತ್ತದೆ, ಅಷ್ಟೇ. ನುಡಿಯಲ್ಲೇ ಯೂನಿಕೋಡ್ (ಕನ್ನಡ ಅಕ್ಷರಕ್ಕೆ ತನ್ನದೇ ಜಾಗ ಕೊಡುವ ಪದ್ಧತಿ) ಆಯ್ಕೆ ಇದೆ, ಅದನ್ನು ಹಾಕಿಕೊಂಡು ಟೈಪ್ ಮಾಡಿ. ಕೀಲಿಗಳು ಅವೇ, ಕೈ ಮತ್ತೆ ಕಲಿಯಬೇಕಿಲ್ಲ. ಹಳೇ ಫೈಲುಗಳಿಗೆ ಅದರಲ್ಲಿರುವ ಕನ್ವರ್ಟರ್ ಬಳಸಿ, ಆದರೆ ಒತ್ತಕ್ಷರಗಳನ್ನು ಆಮೇಲೆ ಒಮ್ಮೆ ಓದಿ ನೋಡಿ. ಬರೀ ಓದಲು, ಪ್ರಿಂಟ್ ಹಾಕಲು ಕಳಿಸುವುದಾದರೆ ಪಿಡಿಎಫ್ ಮಾಡಿ ಕಳಿಸಿ. ಸದಸ್ಯರ ಪಟ್ಟಿ ಎಕ್ಸೆಲ್‌ನಲ್ಲಿದ್ದರೆ ಅರ್ಧ ಹಳೇ ನುಡಿ, ಅರ್ಧ ಯೂನಿಕೋಡ್ ಮಾಡಬೇಡಿ. ಮೇಲಿನ ಪತ್ರದ ಮೂವರು ಅಜ್ಜಂದಿರ ಕಥೆ ಇಲ್ಲೂ ಆಗುತ್ತದೆ.

ಪ್ರಶ್ನೆ: ಹರಿಹರದಲ್ಲಿ ಹಾರ್ಡ್‌ವೇರ್ ಅಂಗಡಿ ನಮ್ಮದು. ಪಾರ್ಟಿಗಳ ಬ್ಯಾಂಕ್ ಖಾತೆ ನಂಬರ್ ಎಕ್ಸೆಲ್‌ನಲ್ಲಿ ಹಾಕಿದರೆ ಕೊನೆಯ ಅಂಕಿ ಸೊನ್ನೆ ಆಗುತ್ತದೆ. ನಾನು ಸರಿಯಾಗೇ ಹೊಡೆಯುತ್ತೇನೆ.

ಉತ್ತರ: ನೀವು ಸರಿಯಾಗೇ ಹೊಡೆದಿದ್ದೀರಿ ಅಣ್ಣಾವ್ರೇ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಯನ್ನಷ್ಟೇ ನೆನಪಿಡುತ್ತದೆ, 16ನೆಯದನ್ನು ಸೊನ್ನೆ ಮಾಡಿಬಿಡುತ್ತದೆ. ಮೊದಲಲ್ಲಿ ಸೊನ್ನೆ ಇರುವ ಖಾತೆ ನಂಬರಿನ ಸೊನ್ನೆಯೂ ಹೀಗೇ ಮಾಯ. ಖಾತೆ ನಂಬರನ್ನು ಯಾರೂ ಕೂಡುವುದಿಲ್ಲ, ಗುಣಿಸುವುದಿಲ್ಲ. ಹಾಗಾಗಿ ಅದು ಅಂಕಿಯಾಗಿ ಇರಬೇಕಿಲ್ಲ. ಹೊಡೆಯುವ ಮೊದಲು ಒಂಟಿ ಉದ್ಧರಣ ಚಿಹ್ನೆ ಹಾಕಿ, ಎಂಟರ್ ಕೀಲಿಯ ಪಕ್ಕದಲ್ಲೇ ಇದೆ. ಅಥವಾ ಆ ಕಾಲಂ ಪೂರ್ತಿ ಆರಿಸಿ, ಫಾರ್ಮ್ಯಾಟ್‌ನಲ್ಲಿ ‘ಟೆಕ್ಸ್ಟ್’ ಮಾಡಿ, ಆಮೇಲೆ ಹೊಡೆಯಿರಿ. ನಂಬರ್ ಎಡಗೋಡೆಗೆ ಒರಗಿ ಕೂತರೆ ಇಲ್ಲಿ ಅದೇ ಸರಿ. ಈಗಾಗಲೇ ಹೋದ ಅಂಕಿ ಮಾತ್ರ ವಾಪಸ್ ಬರುವುದಿಲ್ಲ, ಪಾಸ್‌ಬುಕ್ಕೋ ಚೆಕ್ಕೋ ಎದುರಿಗಿಟ್ಟುಕೊಂಡು ಮತ್ತೆ ಹೊಡೆಯಬೇಕು. ಆರ್‌ಟಿಜಿಎಸ್‌ನಲ್ಲಿ ಬ್ಯಾಂಕಿನಿಂದ ಬ್ಯಾಂಕಿಗೆ ದುಡ್ಡು ಕಳಿಸುವ ಮೊದಲೇ ಅದನ್ನು ಮುಗಿಸಿ.